ಅಮೃತೇಶನಿಗೊಂದು ಎಡೆ

ನಂಜನಗೂಡು, ೬ ಜುಲೈ ೨೦೨೫, ಭಾನುವಾರ

ಮಧ್ಯಾಹ್ನ ಊಟಕ್ಕೆ ಕುಳಿತಾಗ ಸೊಸೆ ಹೇಮಲತಾ ಅನ್ನ ಬಡಿಸುತ್ತಿದ್ದ ಕೈಯನ್ನು ನಡುವೆಯೇ ನಿಲ್ಲಿಸಿ, "ಮಾವ, ಈ ಸಲ ಹಿರಿಯರ ಹಬ್ಬಕ್ಕೆ ಅಮೃತೂಗೂ ಒಂದು ಎಡೆ ಇಡೋಣ್ವಾ?" ಎಂದು ಕೇಳಿದಳು.

ಹಬ್ಬಕ್ಕೆ ಇನ್ನೂ ಎರಡು ತಿಂಗಳ ಮೇಲಿದೆ. ಇಷ್ಟು ಮುಂಚಿತವಾಗಿ ಕೇಳಿದಳೆಂದರೆ ಬಹುಕಾಲದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.

ನಮ್ಮ ಮನೆಯ ಪದ್ಧತಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮಹಾಲಯ ಅಮಾವಾಸ್ಯೆಯಂದು ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಸಿ, ತೀರಿಕೊಂಡ ಹಿರಿಯರಿಗೆ ತಲಾ ಒಂದೊಂದು ಎಲೆಯಂತೆ, ಅವರವರಿಗೆ ಇಷ್ಟವಾಗಿದ್ದುದನ್ನು ಬಡಿಸುತ್ತೇವೆ. ಬಳಿಕ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಅವರು ಬಂದು ಉಂಡು ಹೋದರೆಂದು ಭಾವಿಸಿ ಬಾಗಿಲು ತೆರೆದು, ನಾವು ಉಣ್ಣುತ್ತೇವೆ. ಮದುವೆಯಾಗಿ ಸಂಸಾರ ನಡೆಸಿ ಹೋದವರಿಗೆ ಮಾತ್ರ ಎಲೆ. ನನ್ನ ತಂದೆಯವರು ಹೀಗೆಯೇ ನಡೆಸಿದರು. ನಾನೂ ಹೀಗೆಯೇ ನಡೆಸಿಕೊಂಡು ಬಂದಿದ್ದೇನೆ.

ಅಮೃತೇಶ ನನ್ನ ಮೊಮ್ಮಗ. ಕಳೆದ ಶ್ರಾವಣದಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತಾರು. ಮದುವೆಯಾಗಿರಲಿಲ್ಲ.

"ಹಿರಿಯರ ಹಬ್ಬವೆಂದರೆ ಹಿರಿಯರದು, ತಾಯಿ," ಎಂದೆ. "ಮಕ್ಕಳಿಗೆ ಎಡೆಯಿಲ್ಲ."

ಅವಳು ಉಪ್ಪಿನ ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

ಅಮೃತೇಶನ ಮೂತ್ರಪಿಂಡಗಳು ಕೆಟ್ಟಿವೆಯೆಂದು ತಿಳಿದ ದಿನದಿಂದ, ಎಡೆಯ ಅಡುಗೆಯೊಂದನ್ನು ಬಿಟ್ಟರೆ, ಈ ಮನೆಯ ಒಲೆಯ ಮೇಲಿನ ಪಾತ್ರೆಗಳಿಗೆ ಉಪ್ಪು ಬಿದ್ದಿಲ್ಲ. ಅವನೊಬ್ಬನಿಗೆ ಬೇರೆ ಅಡುಗೆ ಮಾಡುವುದಕ್ಕೆ ಹೇಮಲತಾ ಒಪ್ಪಲಿಲ್ಲ. ಎಲ್ಲರೂ ಸಪ್ಪೆಯನ್ನೇ ಬಡಿಸಿಕೊಂಡು, ಬೇಕಾದವರು ಬಟ್ಟಲಿನಿಂದ ಹಾಕಿಕೊಳ್ಳುತ್ತಿದ್ದೆವು. ಅವನು ಹೋಗಿ ವರ್ಷವಾಗುತ್ತ ಬಂದರೂ ಬಟ್ಟಲು ಊಟದ ನಡುವೆ ಹಾಗೆಯೇ ಇದೆ. ತೆಗೆದಿಡಿ ಎಂದು ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ.

೯ ಜುಲೈ, ಬುಧವಾರ

ಮಗ ಬಸವೇಶ ಇಂದು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೊಳೆಯ ದಂಡೆಯ ತೋಟಕ್ಕೆ ಕರೆದೊಯ್ದ. ಬದುವಿನ ಬೇವಿನ ಮರದಡಿಯಲ್ಲಿ ಅಮೃತೇಶನ ಸಮಾಧಿ. ಅದರಾಚೆ ಅವನು ಕೈಯಾರೆ ನೆಟ್ಟ ರಸಬಾಳೆ.

ರಸಬಾಳೆ ಈ ಊರಿನ ಹೆಸರು ಹೊತ್ತ ಹಣ್ಣು. ಈಗ ಈ ಊರಿನಲ್ಲಿಯೇ ಅಪರೂಪ. ಸೊರಗು ರೋಗ ತಗುಲಿದರೆ ಎಲೆಗಳು ಹಳದಿಯಾಗಿ ಜೋತುಬಿದ್ದು ಗಿಡ ಸಾಯುತ್ತದೆ. ರೋಗ ಮಣ್ಣಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ಬಹುಮಂದಿ ಇದನ್ನು ಬಿಟ್ಟರು. ಅಮೃತೇಶ ಹಿಡಿದುಕೊಂಡ. "ನಂಜನಗೂಡಲ್ಲೇ ರಸಬಾಳೆ ಸಿಗಲ್ಲ ಅಂದ್ರೆ ನಾಚಿಕೆ ಅಲ್ವಾ ತಾತ?" ಎನ್ನುತ್ತಿದ್ದ.

ಅವನು ಬಾಳೆಹಣ್ಣು ತಿನ್ನುವಂತಿರಲಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಅಂಥ ರೋಗಿಗಳ ಎದೆಬಡಿತವನ್ನೇ ನಿಲ್ಲಿಸಬಲ್ಲುದು ಎಂದು ವೈದ್ಯರು ಎಚ್ಚರಿಸಿದ್ದರು. ಹೀಗಾಗಿ ಬೆಳೆದವನು ಅವನು, ತಿಂದವರು ನಾವು. ಹಣ್ಣು ಸುಲಿದು ಕೈಗೆ ಕೊಟ್ಟು, ಎದುರಿಗೆ ಕುಳಿತು, ನಾವು ಅಗಿಯುವುದನ್ನೇ ನೋಡುತ್ತಿದ್ದ.

"ಹೇಗಿದೆ ತಾತ?"

"ಮಧುರವಾಗಿದೆ."

"ಸಕ್ಕರೆನೂ ಮಧುರವೇ. ಕನ್ನಡ ಪಂಡಿತರು ನೀವು, ಇನ್ನೊಂಚೂರು ಸರಿಯಾಗಿ ಹೇಳಿ. ನಂಗೆ ಮರೆತುಹೋಗ್ತಾ ಇದೆ."

ನನಗೆ ಹೇಳಲಾಗುತ್ತಿರಲಿಲ್ಲ. ಮೂವತ್ತು ವರ್ಷಗಳ ಕಾಲ ಪಾಠ ಹೇಳಿದ ನಾಲಿಗೆಗೆ ಒಂದು ಹಣ್ಣಿನ ರುಚಿಯನ್ನು ಹೇಳಲು ಪದ ಸಿಗುತ್ತಿರಲಿಲ್ಲ. ನನ್ನ ಹೆಂಡತಿ ಸಿದ್ದಲಿಂಗಮ್ಮ, "ತುಪ್ಪದಲ್ಲಿ ಕಲಸಿದಂಗದೆ ಕಣೋ ಮಗಾ" ಎಂದಳು. ಅವನು ಅವಳಿಗೇ ಹೆಚ್ಚು ಅಂಕ ಕೊಟ್ಟ.

ಹಳೆಯ ಜಾಗದ ಗಿಡಗಳು ಸೊರಗಿದ ಮೇಲೆ ಇಲ್ಲಿ ಹೊಸ ನೆಲದಲ್ಲಿ ಮತ್ತೆ ನೆಟ್ಟ. ನೆಟ್ಟ ಎರಡೇ ತಿಂಗಳಿಗೆ ಹೋದ. ಈಗ ಅವುಗಳಲ್ಲಿ ಕೆಲವು ಗೊನೆ ಬಿಟ್ಟಿವೆ. ಅಂಚಿನ ಗಿಡವೊಂದರ ಎಲೆ ಹಳದಿಗೆ ತಿರುಗಿದೆ. ಬಸವೇಶ ಬಗ್ಗಿ ಅದರ ಬುಡವನ್ನು ಬೆರಳಿನಿಂದ ಕೆದಕಿ ನೋಡಿದ.

೧೭ ಜುಲೈ, ಗುರುವಾರ

ಮನೆಯಲ್ಲಿ ಜಗಳ.

ಮೂರು ಗಿಡಗಳಿಗೆ ರೋಗ ತಗುಲಿದೆ. ಬಸವೇಶ ಅವನ್ನು ಬುಡಸಮೇತ ಕಿತ್ತು ಸುಟ್ಟು ಬಂದವನೇ, "ಎಲ್ಲಾನೂ ತೆಗೆದುಬಿಡೋಣ ಅಪ್ಪಾಜಿ. ಪಕ್ಕದ ಏಲಕ್ಕಿ ಬಾಳೆನಾದ್ರೂ ಉಳಿಯುತ್ತೆ," ಎಂದ.

"ಅವನು ನೆಟ್ಟಿದ್ದು ರೀ ಅದು," ಎಂದಳು ಹೇಮಲತಾ.

"ನಂಗೊತ್ತಿಲ್ವಾ? ಡಯಾಲಿಸಿಸ್ ಕೈ ಬಿಟ್ಟು ಒಂದೇ ಕೈಲಿ ಗುಂಡಿ ತೋಡ್ತಿದ್ದ, ನಾನೇ ಪಕ್ಕದಲ್ಲಿ ನಿಂತಿದ್ದೆ. ಬೈದ್ರೂ ಕೇಳಲಿಲ್ಲ. ನಾನೇನು ಅವನ ಶತ್ರುವಾ?"

"ಒಂದೇ ಒಂದು ಗೊನೆ ಸಾಕು ನಂಗೆ. ಅವನ ಎಡೆಗೆ. ಬದುಕಿದ್ದಾಗ ಕೊಡೋಕಾಗಲಿಲ್ಲ. ಈಗಲೂ ಕೊಡಬೇಡ ಅಂದ್ರೆ ಹೇಗೆ?"

ಮೊಮ್ಮಗಳು ಗಾನವಿ ನಡುವೆ ಬಾಯಿ ಹಾಕಿ, "ರೋಗ ಬಂದಿರೋದನ್ನ ಮಾತ್ರ ತೆಗೆದು ಸುತ್ತ ಸುಣ್ಣ ಹಾಕಿದ್ರಾಯ್ತಪ್ಪ. ಗೊನೆ ಇರೋದು ಇರಲಿ," ಎಂದಳು. ಆಮೇಲೆ ಎಲ್ಲರೂ ನನ್ನ ಕಡೆಗೆ ನೋಡಿದರು. ಮನೆಯ ಹಿರಿಯನಾಗಿರುವುದರ ಸಂಕಟವಿದು.

ಗೊನೆ ಬಿಟ್ಟ ಗಿಡಗಳು ನಿಲ್ಲಲಿ ಎಂದೆ. ಹೇಮಲತೆಯ ಮುಖ ಅರಳಿತು. "ಎಡೆಯ ಮಾತು ಬೇರೆ," ಎಂದೂ ಸೇರಿಸಿದೆ. ಆ ಮಾತನ್ನು ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

೨೮ ಜುಲೈ, ಸೋಮವಾರ

ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರೆ. ಕಪಿಲೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿ ಹರಿಯುತ್ತಿದ್ದಾಳೆ. ಸಂಜೆ ನೋಡಿಬಂದೆ.

ಅವನಿಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿಯಿತ್ತು. ಇಂಥ ದಿನಗಳಲ್ಲಿ ಸೇತುವೆಯ ಮೇಲೆ ನಿಂತು, "ಇಷ್ಟೊಂದು ಇಟ್ಕೊಂಡು ನಂಗೆ ಲೆಕ್ಕ ಹಾಕಿ ಕೊಡ್ತಾಳಲ್ಲ, ಜಿಪುಣಿ," ಎಂದು ನದಿಯನ್ನು ಬೈಯುತ್ತಿದ್ದ. ಡಯಾಲಿಸಿಸ್ ಸೂಜಿಗಾಗಿ ಅವನ ಎಡಗೈಯ ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಕಿವಿಯಿಟ್ಟರೆ ಒಳಗೆ ಭೋರ್ಗರೆತ. ಮೊದಲ ಸಲ ನನ್ನ ತಲೆಯನ್ನು ಹಿಡಿದು ಒತ್ತಿಕೊಂಡು, "ಕೇಳಿ ತಾತ, ಕಪಿಲೆ ಒಳಗೇ ಹರೀತಿದ್ದಾಳೆ," ಎಂದ. ನಾನು ಹೆದರಿ ತಲೆ ಎಳೆದುಕೊಂಡೆ. ಅವನು ನಕ್ಕ.

ಇಂದು ನದಿಯ ಸದ್ದು ಹಾಗೆಯೇ ಇತ್ತು. ಬಹಳ ಹೊತ್ತು ನಿಂತಿದ್ದೆ.

೧೪ ಆಗಸ್ಟ್, ಗುರುವಾರ

ವರ್ಷದ ಕಾರ್ಯ ಮುಗಿಯಿತು. ಅಯ್ಯನವರು ಬಂದು ಸಮಾಧಿಗೆ ಪೂಜೆ ಮಾಡಿಸಿದರು. ನೆಂಟರು ಉಂಡು ಹೋದರು.

ಎಲ್ಲರೂ ಹೋದ ಮೇಲೆ ಗಟ್ಟಿಮುಟ್ಟಾಗಿ ಕಾಣುವ, ಆದರೆ ಮುಖ ಬಿಳಿಚಿಕೊಂಡ ಒಬ್ಬಾತ ಚಪ್ಪಲಿ ಕಳಚಿ ಬಾಗಿಲಲ್ಲಿ ನಿಂತ. ಮೂವತ್ತೈದರ ಆಸುಪಾಸು.

"ನಾನು ನರಸೀಪುರದ ಶಿವಸ್ವಾಮಿ ಸಾ. ಡಯಾಲಿಸಿಸ್‌ನಾಗೆ ಅಮೃತೂ ಪಕ್ಕದ್ ಬೆಡ್ಡು ನಂದು. ಇವತ್ತು ನಂದೂ ಡಯಾಲಿಸಿಸ್ ಇತ್ತು, ಅದ್ಕೇ ತಡ ಆಯ್ತು."

ನರಸೀಪುರದಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿ ಇಟ್ಟಿದ್ದಾನೆ. ಊರೂರಿನ ಕಂಬಗಳಲ್ಲಿ ಕನ್ನಡವನ್ನು ಕೊಲ್ಲುವ ಆ ಉದ್ಯೋಗದ ಬಗ್ಗೆ ನನ್ನ ಅಭಿಪ್ರಾಯವನ್ನು ಬಂದವನೆದುರು ಹೇಳುವುದು ಸರಿಯಲ್ಲವೆಂದು ಸುಮ್ಮನಾದೆ. ಅವನೇ ಮಾತು ಮುಂದುವರಿಸಿದ.

"ನಿಮ್ ವಿಷ್ಯ ಬಾಳ ಏಳ್ತಿದ್ದ ಸಾ. ನರ್ಸಮ್ಮ ಸೂಜಿ ಇಡ್ಕಂಡು ಬಂದ್ರೆ, 'ಸೋದರಿಯೇ, ನನ್ನ ನೆತ್ತರನ್ನು ಸೋಸಲು ಅನುವಾಗಿರಿ' ಅನ್ನೋನು. ವಾರ್ಡೆಲ್ಲಾ ನಗೋದು. 'ಇದು ನಮ್ ತಾತನ್ ಕನ್ನಡ ಕಣ್ರಯ್ಯಾ' ಅನ್ನೋನು. ಒಬ್ಬ ಮುದುಕ ಯಾವಾಗ್ಲೂ ಅಳ್ತಿದ್ದ ಸಾ, ಅವ್ನೂ ನಗೋನು."

ಆ ವಾಕ್ಯವನ್ನು ಮನಸ್ಸಿನಲ್ಲಿಯೇ ಒಮ್ಮೆ ಓದಿಕೊಂಡೆ. ದೋಷವೇನೂ ಇಲ್ಲ.

ಶಿವಸ್ವಾಮಿ ಬಂದದ್ದು ಬೇರೆ ಕಾರಣಕ್ಕೆ. ಅಮೃತೇಶ ಅವನಿಗೆ ಒಂದು ರಸಬಾಳೆ ಕಂದು, ತಾಯಿಗಿಡದ ಬುಡದಲ್ಲಿ ಏಳುವ ಮರಿಗಿಡ, ಕೊಡುತ್ತೇನೆಂದು ಮಾತು ಕೊಟ್ಟಿದ್ದನಂತೆ.

"ನೀವೂ ಬಾಳೆಹಣ್ಣು ತಿನ್ನುವಂತಿಲ್ಲವಲ್ಲ?" ಎಂದೆ.

"ಅವ್ನೂ ತಿಂತಿರ್ನಿಲ್ವಲ್ಲ ಸಾ."

"ಮತ್ತೇಕೆ?"

"ಮನೇಲಿ ಮಗಳವ್ಳೆ. ಅವ್ಳು ತಿಂದು ಎಂಗದೆ ಅಂತ ಏಳ್ತಾಳೆ. ನಾ ಕೇಳ್ಕತೀನಿ."

ಬಸವೇಶ, ತಾಯಿಗಿಡದ ಗೊನೆ ಬಲಿತು ಕಡಿಯುವ ತನಕ ನಮ್ಮಲ್ಲಿ ಕಂದು ಕೊಡುವ ರೂಢಿಯಿಲ್ಲವೆಂದೂ, ಅಲ್ಲಿಯವರೆಗೆ ಗಿಡ ಆರೋಗ್ಯವಾಗಿದೆಯೋ ಇಲ್ಲವೋ ಹೇಳಲಾಗದೆಂದೂ ತಿಳಿಸಿದ.

"ಕಾಯ್ತೀನಿ ಬಸವೇಶಣ್ಣ. ಕಾಯೋದ್ರಲ್ಲಿ ನಾವು ಎಕ್ಸ್‌ಪರ್ಟು. ವಾರಕ್ ಮೂರ್ ದಿನ ಮಲ್ಕಂಡು ಅದ್ನೇ ಮಾಡದು," ಎಂದು ನಕ್ಕ.

ಹೇಮಲತಾ ಅವನಿಗೆ ಊಟಕ್ಕಿಟ್ಟಳು. ಅವನ ಎಲೆಯ ಪಕ್ಕಕ್ಕೆ ಉಪ್ಪಿನ ಬಟ್ಟಲನ್ನು ಇಡಲಿಲ್ಲ. ಅವನೂ ಉಪ್ಪು ಕೇಳಲಿಲ್ಲ.

೩೧ ಆಗಸ್ಟ್, ಭಾನುವಾರ

ಇನ್ನೂ ಒಂದು ಗಿಡ ಸೊರಗಿತು. ಒಂದು ಗೊನೆಯನ್ನು ಮಂಗಗಳು ಕಿತ್ತು, ಕಾಯಿಗಳನ್ನು ಕಚ್ಚಿ ಬಿಸಾಡಿವೆ. ಉಳಿದಿರುವುದು ಒಂದೇ ಗೊನೆ. ಸಮಾಧಿಗೆ ಎಲ್ಲಕ್ಕಿಂತ ಹತ್ತಿರದ ಗಿಡದ್ದು.

ಹೇಮಲತಾ ಬೆಳಗಿನಿಂದ ತೋಟದಲ್ಲಿಯೇ ಕಾವಲು ಕುಳಿತಿದ್ದಾಳೆ. ಮನೆಯ ಅಡುಗೆ ಸಿದ್ದಲಿಂಗಮ್ಮನದು.

೨ ಸೆಪ್ಟೆಂಬರ್, ಮಂಗಳವಾರ

ಗಾನವಿ ಫೋನಿನಲ್ಲಿ ವಿಷಯ ತಿಳಿಸಿದ್ದರಿಂದ ಶಿವಸ್ವಾಮಿ ಬಸ್ಸಿನಲ್ಲಿ ದೊಡ್ಡದೊಂದು ಫ್ಲೆಕ್ಸ್ ಸುರುಳಿ ಹೊತ್ತು ಬಂದ. ಯಾರೋ ಮಾಡಿಸಿ, ಒಯ್ಯದೆ ಬಿಟ್ಟ ಹುಟ್ಟುಹಬ್ಬದ ಶುಭಾಶಯ. ಮೀಸೆ ತಿರುವಿದ ಮುಖಂಡರೊಬ್ಬರ ಮುಖ, ಎತ್ತಿನ ತಲೆಯಷ್ಟು ದೊಡ್ಡದು.

"ಇದ್ನ ಗಿಡದ್ ಸುತ್ತ ಕಟ್ಬುಡವಾ ಸಾ. ಈ ಮಕ ನೋಡುದ್ರೆ ಯಾವ್ ಕೋತಿನೂ ಅತ್ರ ಬರಕಿಲ್ಲ."

"ಮನುಷ್ಯರು ಬರ್ತಾರಾ?" ಎಂದು ಗಾನವಿ ಕೇಳಿದಳು.

"ಎಲೆಕ್ಷನ್ ಟೈಮಲ್ಲಿ ಬತ್ತಾರೆ ಕಣವ್ವ."

ಬಸವೇಶ ನಕ್ಕದ್ದನ್ನು ಬಹಳ ಕಾಲದ ಮೇಲೆ ಕೇಳಿದೆ. ನಾಲ್ಕು ಗಳ ನೆಟ್ಟು, ಗೊನೆಯ ಸುತ್ತ ಆ ಮುಖವನ್ನು ಹೊರಗೆ ಮಾಡಿ ಕಟ್ಟಿದರು. ಅದರ ಬರಹದಲ್ಲಿ ಎರಡು ತಪ್ಪುಗಳಿದ್ದವು. ಮಂಗಗಳ ಸಲುವಾಗಿ ತಿದ್ದಬೇಕೆನಿಸಲಿಲ್ಲ.

೧೦ ಸೆಪ್ಟೆಂಬರ್, ಬುಧವಾರ

ಪಿತೃಪಕ್ಷ ಮೊದಲಾಗಿದೆ. ಬೆಳಗ್ಗೆ ಜಗಲಿಯಲ್ಲಿ ಕುಳಿತು, ಎಷ್ಟು ಎಲೆ, ಯಾರಿಗೆ ಏನು ಎಂದು ಸಿದ್ದಲಿಂಗಮ್ಮನಿಗೆ ಹೇಳುತ್ತಿದ್ದೆ. ತಂದೆಯವರಿಗೆ ಹುರುಳಿ ಬಸ್ಸಾರು, ಮುದ್ದೆ. ತಾಯಿಗೆ ಕಾಯೊಬ್ಬಟ್ಟು. ಅವಳು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡಳು. ಆಮೇಲೆ, ಸೊಪ್ಪಿನಿಂದ ಕಣ್ಣೆತ್ತದೆ, "ಮಹಾದೇವಸ್ವಾಮಿಗೆ?" ಎಂದಳು.

ಮಹಾದೇವಸ್ವಾಮಿ ನನ್ನ ತಮ್ಮ. ಹದಿನಾರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡ. ಆಗ ಸಿದ್ದಲಿಂಗಮ್ಮ ಈ ಮನೆಗೆ ಸೊಸೆಯಾಗಿ ಬಂದಿರಲೂ ಇಲ್ಲ.

"ಅವನಿಗೆ ಎಡೆಯಿಲ್ಲವಲ್ಲ," ಎಂದೆ.

"ಒಳಗಿಲ್ಲ. ಹಿತ್ತಿಲಲ್ಲಿ ಅದೆ."

"ಏನೆಂದೆ?"

"ನೀವೆಲ್ಲಾ ನಡುಮನೆ ಬಾಗಿಲು ಮುಚ್ಚಿ ಜಗಲೀಲಿ ಕೂತಿರ್ತೀರಲ್ಲ, ಆಗ ನಿಮ್ಮವ್ವ ಹಿತ್ತಿಲ ಬಾವಿಕಟ್ಟೆ ಹತ್ರ ಒಂದು ಎಲೆ ಹಾಕಿ ಹುರಿಗಡಲೆ ಬೆಲ್ಲ ಇಡೋರು. ನಿಮ್ಮಪ್ಪಂಗೆ ಗೊತ್ತಿರಲಿಲ್ಲ. ಸಾಯೋಕೆ ಮುಂಚೆ ನಂಗೆ ಹೇಳಿಹೋದ್ರು. ಅವತ್ತಿಂದ ನಾನು ಇಡ್ತಿದ್ದೀನಿ."

"ಇಷ್ಟು ವರ್ಷ?"

"ಇಷ್ಟು ವರ್ಷಾನೂ."

"ನನಗೇಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬ್ಯಾಡ ಅಂತಿದ್ರಿ. ಬ್ಯಾಡ ಅಂದ ಮೇಲೂ ನಾನು ಇಡ್ತಿದ್ದೆ. ಸುಮ್ನೆ ಯಾಕೆ ನಿಮ್ಮ ಮಾತು ಮೀರಿದಂಗೆ?"

ಸೊಪ್ಪಿನ ದಂಟುಗಳನ್ನು ಮೊರಕ್ಕೆ ಹಾಕಿಕೊಂಡು ಎದ್ದವಳು ಬಾಗಿಲಲ್ಲಿ ನಿಂತು, "ಅಮೃತೂಗೂ ಅಲ್ಲೇ ಇಡಣ ಅಂತ ಹೇಮಂಗೆ ಹೇಳಿದ್ದೀನಿ. ನೀವೇನೂ ಯೋಚನೆ ಮಾಡಬ್ಯಾಡಿ," ಎಂದಳು.

ಮಧ್ಯಾಹ್ನ ಮಲಗಿದರೆ ನಿದ್ರೆ ಬರಲಿಲ್ಲ. ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಬಳಿ ನಿಂತೆ. ಪಾತ್ರೆ ತೊಳೆಯುವ ಕಲ್ಲು, ಬೂದಿ, ಕೊಳೆತ ಒಂದು ಪೊರಕೆ. ಅರವತ್ತು ವರ್ಷಗಳ ಕಾಲ ನನ್ನ ತಮ್ಮ ಇಲ್ಲಿ ಕುಳಿತು ಉಂಡು ಹೋಗಿದ್ದಾನೆ.

ಸಂಜೆ ಹೇಮಲತೆಯನ್ನು ಕರೆದು, "ಹಿತ್ತಿಲಿನಲ್ಲಿ ಏಕೆ? ಎರಡೂ ಎಲೆಗಳನ್ನು ಒಳಗೇ ಹಾಕಿ," ಎಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಪದ್ಧತಿಯಲ್ಲಿ ನಾನು ಮಾಡಿದ ಬದಲಾವಣೆ ಏನೂ ಇಲ್ಲ. ಎಡೆ ಮೊದಲಿನಿಂದಲೂ ಇತ್ತು. ಸ್ಥಳ ಮಾತ್ರ ಬೇರೆ.

೧೫ ಸೆಪ್ಟೆಂಬರ್, ಸೋಮವಾರ

ಗೊನೆ ಬಲಿತಿದೆಯೆಂದು ಬಸವೇಶ ಇಂದು ಕಡಿದು ತಂದ. ಗಿಡ ಕೊನೆಯ ತನಕ ಹಸಿರಾಗಿಯೇ ಇತ್ತು. ಅದರ ಬುಡದಲ್ಲಿ ಕತ್ತಿಯಂತೆ ಚೂಪಾದ ಎಲೆಯ ಒಳ್ಳೆಯ ಕಂದು ಎದ್ದಿದೆ. ಅದು ಶಿವಸ್ವಾಮಿಯದು.

ಚಿಪ್ಪುಗಳನ್ನು ಬಿಡಿಸಿ ಭತ್ತದ ಹುಲ್ಲಿನಲ್ಲಿ ಹುದುಗಿಸಿಟ್ಟಿದ್ದಾರೆ. ಅಮಾವಾಸ್ಯೆ ಭಾನುವಾರ. ಅಷ್ಟರಲ್ಲಿ ಹಣ್ಣಾದೀತೇ ಎಂಬುದೇ ಎಲ್ಲರ ಪ್ರಶ್ನೆ. ಹೇಮಲತಾ ಗಂಟೆಗೊಮ್ಮೆ ಹುಲ್ಲು ಸರಿಸಿ ನೋಡುತ್ತಾಳೆ. "ಕೈ ಹಾಕ್ತಾನೇ ಇದ್ರೆ ಹಣ್ಣಾಗಲ್ಲ ಕಣೇ," ಎಂದು ಬಸವೇಶ ಬೈದ. ಅವಳು ಅತ್ತ ಹೋದ ಮೇಲೆ ತಾನೇ ಹುಲ್ಲು ಸರಿಸಿ ಮೂಸಿದ.

೨೦ ಸೆಪ್ಟೆಂಬರ್, ಶನಿವಾರ

ಇನ್ನೂ ಹಸಿರು.

೨೧ ಸೆಪ್ಟೆಂಬರ್, ಭಾನುವಾರ. ಮಹಾಲಯ ಅಮಾವಾಸ್ಯೆ

ಬೆಳಗ್ಗೆ ಎದ್ದಾಗ ನಡುಮನೆಯಲ್ಲಿ ಪರಿಮಳ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವನು ನಾನು. ಆದರೆ ಹೇಮಲತಾ ಆಗಲೇ ಹುಲ್ಲಿನ ಮುಂದೆ ಕುಳಿತಿದ್ದಳು. ಮೇಲಿನ ಚಿಪ್ಪಿನ ಕೆಲವು ಹಣ್ಣುಗಳು ತೆಳುಹಳದಿಗೆ ತಿರುಗಿದ್ದವು. ಒಂದನ್ನು ಬಿಡಿಸಿ ನನ್ನ ಮೂಗಿನ ಬಳಿಗೆ ಹಿಡಿದಳು.

ನಡುಮನೆಯಲ್ಲಿ ಎಲೆ ಹಾಸಿದೆವು. ಸಾಲಿನ ಕೊನೆಯಲ್ಲಿ ಈ ಸಲ ಎರಡು ಹೆಚ್ಚು. ಒಂದರಲ್ಲಿ ಹುರಿಗಡಲೆ, ಬೆಲ್ಲ. ಇನ್ನೊಂದರಲ್ಲಿ ಅವನು ಬಾಯಿಬಿಟ್ಟು ಕೇಳಿ, ನಾವು ಕೊಡದೆ ಬಿಟ್ಟದ್ದೆಲ್ಲ: ಬೇಳೆ ಹಾಕಿದ ಗಟ್ಟಿ ಸಾರು, ಆಲೂಗಡ್ಡೆ ಪಲ್ಯ, ಮಾವಿನ ಉಪ್ಪಿನಕಾಯಿ, ದೊಡ್ಡ ಚೊಂಬಿನ ತುಂಬ ನೀರು. ಗಾನವಿ ತಾನೇ ಹೋಗಿ ಒಂದು ಎಳನೀರು ತಂದಿಟ್ಟಳು. ನಡುವೆ ರಸಬಾಳೆ.

ಎಡೆಯ ಅಡುಗೆಯನ್ನು ಯಾರೂ ಮೊದಲು ರುಚಿ ನೋಡುವಂತಿಲ್ಲ. ಇದು ನಮ್ಮಲ್ಲಿ ಬಿಗಿಯಾದ ನಿಯಮ. ಹೇಮಲತಾ ಮುಂಜಾವಿನಿಂದ ನಾಲಿಗೆಗೆ ಹನಿ ಸೋಕಿಸದೆ ಎಲ್ಲವನ್ನೂ ಬೇಯಿಸಿದ್ದಳು. ಧೂಪ ಹಾಕಿ, ಕೈಮುಗಿದು, ಬಾಗಿಲು ಮುಚ್ಚಿ ಜಗಲಿಗೆ ಬಂದೆವು. ಶಿವಸ್ವಾಮಿ ಆ ಹೊತ್ತಿಗೆ ಬಂದು ಸೇರಿದ. ಕಂದನ್ನು ಒಯ್ಯಲು ಗೋಣಿಚೀಲ ತಂದಿದ್ದ. ಕಾಯುವಾಗ ಯಾರೂ ಜೋರಾಗಿ ಮಾತನಾಡಬಾರದು. ಹೊತ್ತು ನೋಡಿ ನಾನು ಮೂರು ಸಲ ಬಾಗಿಲು ತಟ್ಟಿ ತೆರೆದೆ.

ಎಡೆಯ ಸಾಲಿನ ಎದುರಿಗೆ ಬೇರೆ ಎಲೆ ಹಾಕಿಕೊಂಡು ನಾವೆಲ್ಲ ಊಟಕ್ಕೆ ಕುಳಿತೆವು. ಸಿದ್ದಲಿಂಗಮ್ಮ ಮೊದಲ ತುತ್ತು ಬಾಯಿಗಿಟ್ಟವಳು ಅಗಿಯುವುದನ್ನು ನಿಲ್ಲಿಸಿದಳು. ನಾನೂ ಇಟ್ಟೆ. ಬಸವೇಶ ಎಲೆಯತ್ತ ಕಣ್ಣಾಡಿಸಿದ. ಎಡೆಯ ದಿನವಾದ್ದರಿಂದ ಉಪ್ಪಿನ ಬಟ್ಟಲು ಅಡುಗೆಮನೆಯಲ್ಲಿಯೇ ಉಳಿದಿತ್ತು.

ಬೇಯಿಸಿದ ಯಾವುದಕ್ಕೂ ಉಪ್ಪಿಲ್ಲ.

ಶಿವಸ್ವಾಮಿಯೊಬ್ಬನೇ ಸರಾಗವಾಗಿ ಉಣ್ಣುತ್ತಿದ್ದ. "ಬಾಳ ಚೆಂದಾಗದೆ ಅಕ್ಕ," ಎಂದ.

ಹೇಮಲತಾ ಸಾರನ್ನು ಬೆರಳಿನಿಂದ ಮುಟ್ಟಿ ನಾಲಿಗೆಗಿಟ್ಟುಕೊಂಡಳು. ಕೈ ಅಲ್ಲೇ ನಿಂತಿತು.

ಆಗ ಸಿದ್ದಲಿಂಗಮ್ಮನಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. "ನಿಮ್ಮಪ್ಪ... ಬಸ್ಸಾರಿಗೆ ಒಂದು ಕಲ್ಲು ಉಪ್ಪು ಕಡಿಮೆ ಆಗಿದ್ದಕ್ಕೆ... ಊರೆಲ್ಲಾ ಕೇಳೋ ಹಂಗೆ ಬೈದಿದ್ರು ನನ್ನ! ಇವತ್ತು ಪೂರಾ ಸಪ್ಪೆ! ಹೊಟ್ಟೆಗೆ ಹಾಕ್ಕೊಂಡು ಎದ್ದು ಹೋಗಿದ್ದಾರೆ!" ಗಾನವಿ ನಕ್ಕಳು. ಬಸವೇಶ ನಗುತ್ತ ನಗುತ್ತ ಕಣ್ಣೊರೆಸಿಕೊಂಡ. ತಮಾಷೆ ಏನೆಂದು ತಿಳಿಯದೆ ಶಿವಸ್ವಾಮಿಯೂ ನಕ್ಕ.

ಹೇಮಲತಾ ನಗಲಿಲ್ಲ. "ಅಮೃತೂಗೆ ಇವತ್ತೂ ಸಪ್ಪೆನೇ ಇಟ್ಬಿಟ್ಟೆ ಮಾವ," ಎಂದಳು. "ಇವತ್ತೂ."

ನಗು ನಿಂತಿತು.

ಒಮ್ಮೆ ಇಟ್ಟ ಎಡೆಗೆ ಮತ್ತೆ ಕೈ ಹಾಕಬಾರದು. ಹಿರಿಯರು ಉಂಡು ಎದ್ದ ಎಲೆ ಅದು. ನನಗೆ ಇದು ತಿಳಿಯದ್ದಲ್ಲ. ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಬಟ್ಟಲನ್ನು ತೆಗೆದುಕೊಂಡೆ. ನಡುಮನೆಯ ಸಾಲಿನ ಮೊದಲಿನಿಂದ ಬಂದೆ. ತಂದೆಯವರ ಎಲೆಗೆ ಒಂದು ಚಿಟಿಕೆ. ತಾಯಿಯ ಎಲೆಗೆ. ಮಹಾದೇವಸ್ವಾಮಿಯ ಎಲೆಗೆ. ಮೊಣಕಾಲು ನೋಯುತ್ತಿತ್ತು; ಕೊನೆಯ ಎಲೆಯ ಮುಂದೆ ಕುಳಿತುಕೊಂಡೇ ಬಿಟ್ಟೆ. ಸಾರಿಗೆ ಹಾಕಿದೆ. ಪಲ್ಯಕ್ಕೆ ಹಾಕಿ ಕಲಸಿದೆ. ಹಣ್ಣಿನ ಸಿಪ್ಪೆ ಸುಲಿದಿರಲಿಲ್ಲ, ಸುಲಿದು ಇಟ್ಟೆ.

"ಇನ್ನು ನೀನೇ ತಿಂದು ನೋಡಪ್ಪ," ಎಂದೆ. "ನಾನು ಹೇಳಬೇಕಾಗಿಲ್ಲ."

ಹೊರಗೆ ಬಂದು ಬಾಗಿಲನ್ನು ಎರಡನೆಯ ಸಲ ಮುಚ್ಚಿದೆ. ಎಲ್ಲರೂ ಎಂಜಲು ಕೈಯಲ್ಲಿಯೇ ಎದ್ದು ಬಂದು ಜಗಲಿಯಲ್ಲಿ ನಿಂತಿದ್ದರು.

"ಎರಡು ಸಲ ಮುಚ್ಚಬಹುದಾ ತಾತ?" ಎಂದು ಗಾನವಿ ಪಿಸುಗುಟ್ಟಿದಳು.

"ಮುಚ್ಚಬಹುದು."

"ಯಾವ ಗ್ರಂಥದಲ್ಲಿ ಬರೆದದೆ?" ಎಂದಳು ಸಿದ್ದಲಿಂಗಮ್ಮ.

"ಬರೆದಿಲ್ಲ," ಎಂದೆ.

ಮತ್ತೆ ಕಾದೆವು. ಮೊದಲಿಗಿಂತ ಹೆಚ್ಚು ಹೊತ್ತು. ಅವನು ಯಾವಾಗಲೂ ನಿಧಾನವಾಗಿ ಉಣ್ಣುತ್ತಿದ್ದ.

ರಸಬಾಳೆಯನ್ನು ಶಿವಸ್ವಾಮಿಯ ಹೊರತು ನಾವೆಲ್ಲ ಕೊನೆಯಲ್ಲಿ ಹಂಚಿಕೊಂಡು ತಿಂದೆವು. ನನ್ನ ಪಾಲಿನದನ್ನು ಕಣ್ಣುಮುಚ್ಚಿ ತಿಂದೆ. ಮೊದಲು ಪರಿಮಳ ಬರುತ್ತದೆ, ಬಾಯಿಗೆ ಇಡುವ ಮುನ್ನವೇ. ಬಳಿಕ ನಾಲಿಗೆ ಒತ್ತಿದೊಡನೆ ಕರಗುವ ಒಂದು ಮೆತ್ತನೆ. ಸಿಹಿ ಆಮೇಲೆ ಬರುತ್ತದೆ, ಬಾಗಿಲಲ್ಲಿ ನಿಂತು ಒಳಗೆ ಬರಲೋ ಎಂದು ಕೇಳುವವರಂತೆ. ಎಲ್ಲ ಮುಗಿದ ಮೇಲೆ ಗಂಟಲಲ್ಲಿ ಸಣ್ಣದೊಂದು ಹುಳಿ ಉಳಿಯುತ್ತದೆ. ಸಿದ್ದಲಿಂಗಮ್ಮ ಹೇಳಿದ ತುಪ್ಪ ಕೂಡ ಇದೆ.

ಬಸವೇಶ ಮತ್ತು ಶಿವಸ್ವಾಮಿ ತೋಟಕ್ಕೆ ಹೋಗಿ ಕಂದು ಕಿತ್ತು ತಂದರು. ಸಂಜೆಯ ಬಸ್ಸಿಗೆ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಶಿವಸ್ವಾಮಿ ಕುಳಿತ. ಕಿಟಕಿಯಿಂದ, "ಬದುಕ್ತದಾ ಸಾ?" ಎಂದು ಕೂಗಿ ಕೇಳಿದ. ಬದುಕುತ್ತದೆ ಎಂದು ನಾನೂ ಕೂಗಿ ಹೇಳಿದೆ. ಬಸ್ಸು ನಿಲ್ದಾಣದಲ್ಲಿ ನಾನು ಹಾಗೆ ಕೂಗಿದವನಲ್ಲ.

೧೨ ಅಕ್ಟೋಬರ್, ಭಾನುವಾರ

ಗಾನವಿಯೊಂದಿಗೆ ತಿರುಮಕೂಡಲು ನರಸೀಪುರಕ್ಕೆ ಹೋಗಿಬಂದೆ. ನದಿಗಳು ಕೂಡುವಲ್ಲಿ ಕಾಲಿಗೆ ನೀರು ಸೋಕಿಸಿ, ಶಿವಸ್ವಾಮಿಯ ಅಂಗಡಿ ಹುಡುಕಿಕೊಂಡು ಹೋದೆವು. ಅಂಗಡಿಯ ಹಿಂದಿನ ಕೈಯಗಲದ ಜಾಗದಲ್ಲಿ ಕಂದು ನೆಟ್ಟಿದ್ದಾನೆ. ಸುತ್ತ ಫ್ಲೆಕ್ಸಿನದೇ ಬೇಲಿ. ಮುಖಂಡರ ತುಂಡು ತುಂಡು ಮುಖಗಳ ನಡುವೆ ಹೊಸ ಸುಳಿ ನೆಟ್ಟಗೆ ಎದ್ದಿದೆ. ಅವನ ಮಗಳು ಅದರ ಪಕ್ಕ ನಿಂತು ತನ್ನ ಸೊಂಟಕ್ಕೆ ಅಳತೆ ಹಿಡಿದು ತೋರಿಸಿದಳು.

"ಅಣ್ಣಾಗಕ್ಕೆ ಇನ್ನೆಷ್ಟು ದಿನ ತಾತ?" ಎಂದಳು.

"ವರ್ಷವಾದರೂ ಬೇಕು, ಮಗು."

"ಅಪ್ಪ ಕಾಯ್ತದೆ," ಎಂದಳು. ತಿದ್ದಲಿಲ್ಲ.

ನಾನು ಹೊರಡುವಾಗ ಶಿವಸ್ವಾಮಿ ಒಂದು ಮಾತು ಕೇಳಿದ. ಇನ್ನು ಮೇಲೆ ಅಚ್ಚಿಗೆ ಹಾಕುವ ಮುನ್ನ ಬರಹವನ್ನು ಗಾನವಿಯ ಫೋನಿಗೆ ಕಳಿಸಲೇ, ನೀವೊಮ್ಮೆ ನೋಡುತ್ತೀರಾ ಎಂದು. ಕಳಿಸು ಎಂದೆ. ಮನೆ ಸೇರುವಷ್ಟರಲ್ಲಿ ನಾಲ್ಕು ಬಂದಿದ್ದವು. ಒಂದು ನಾಮಕರಣ, ಎರಡು ಗೃಹಪ್ರವೇಶ, ಒಂದು ಷಷ್ಟಿಪೂರ್ತಿ.

ರಾತ್ರಿಯ ಊಟಕ್ಕೆ ಕುಳಿತಾಗ ನಡುವೆ ಉಪ್ಪಿನ ಬಟ್ಟಲು ಇರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬದ ಪಕ್ಕದಲ್ಲಿ ಇಟ್ಟಿದ್ದಳು. ಹೇಮಲತಾ ಬಡಿಸಿ, ಪಕ್ಕದಲ್ಲಿಯೇ ನಿಂತು, "ಹೇಗಿದೆ ಮಾವ?" ಎಂದು ಕೇಳಿದಳು.

ಸಾರಿಗೆ ಉಪ್ಪು ಹೆಚ್ಚಾಗಿತ್ತು.

ಚೆನ್ನಾಗಿದೆ ಎಂದೆ. ಇನ್ನೊಂದು ಸೌಟು ಹಾಕಿಸಿಕೊಂಡೆ.